ಮೂವತ್ತರಲ್ಲಿ ಹನ್ನೊಂದು

ಇಸ್ಪೀಟು ಆಡುವವರು ಕಟ್ಟಿನಲ್ಲಿ ಯಾವ ಎಲೆ ಇರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದಿಲ್ಲ. ಐವತ್ತೆರಡು ಎಲೆ ಎಲ್ಲರಿಗೂ ಸಮಾನ. ಕಲೆಸಿ ಹಂಚಿದ ಮೇಲಷ್ಟೇ ಬುದ್ಧಿಗೆ ಕೆಲಸ. 1993ರಲ್ಲಿ ಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟ ಈ ಕ್ರಮವನ್ನು ಬುಡಮೇಲು ಮಾಡಿತು. ಅದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಅವರ ಕ್ಷೇತ್ರ ಸಂಯೋಜನ ಗಣಿತ. ವಸ್ತುಗಳನ್ನು ಎಷ್ಟು ಬಗೆಯಲ್ಲಿ ಆಯ್ದು ಜೋಡಿಸಬಹುದೆಂದು ಎಣಿಸುವ ಶಾಸ್ತ್ರ ಅದು. ಅವರ ಆಟದಲ್ಲಿ ಪ್ರತಿಯೊಬ್ಬರೂ ಲಭ್ಯವಿರುವ ಕಾರ್ಡ್‌ಗಳ ರಾಶಿಯಿಂದ ತಮಗೆ ಬೇಕಾದವನ್ನು ಆರಿಸಿ, ತಮ್ಮದೇ ಕಟ್ಟು ಮಾಡಿಕೊಂಡು ಬರುತ್ತಾರೆ. ಈ ಕಟ್ಟಿಗೇ ಡೆಕ್ ಎನ್ನುವುದು. ಎದುರಾಳಿ ಯಾರೆಂದು ಗೊತ್ತಾಗುವ ಮೊದಲೇ ಆಟದ ಒಂದು ದೊಡ್ಡ ಭಾಗ ಮುಗಿದಿರುತ್ತದೆ.

ಇಪ್ಪತ್ತೊಂದು ವರ್ಷಗಳ ಬಳಿಕ, 2014ರ ಮಾರ್ಚ್‌ನಲ್ಲಿ, ಕ್ಯಾಲಿಫೋರ್ನಿಯಾದ ಬ್ಲಿಜರ್ಡ್ ಕಂಪನಿ ಇದೇ ಪರಂಪರೆಯ 'ಹಾರ್ತ್‌ಸ್ಟೋನ್' ಆಟವನ್ನು ಕಂಪ್ಯೂಟರಿಗೆ ತಂದಿತು. ಈ ಅಧ್ಯಾಯಕ್ಕೆ ನಾನು ಅದನ್ನೇ ಆರಿಸಿಕೊಂಡಿದ್ದೇನೆ. ಅದರ ನಿಯಮಗಳು ಎಷ್ಟು ಅಚ್ಚುಕಟ್ಟೆಂದರೆ, ಸಂಭವನೀಯತೆಯ ಲೆಕ್ಕಗಳನ್ನು ಒಂದು ಹಾಳೆಯಲ್ಲಿ ಮಾಡಿ ಮುಗಿಸಬಹುದು. ಆ ಲೆಕ್ಕಗಳು ಹೇಳುವ ಸಂಗತಿಗಳೋ ಆಟದ ಆಚೆಗೂ ಬಹಳ ದೂರ ಹೋಗುತ್ತವೆ.

ನಿಯಮಗಳಿಷ್ಟು. ಡೆಕ್‌ನಲ್ಲಿ 30 ಕಾರ್ಡ್. ಒಂದೇ ಕಾರ್ಡಿನ ಎರಡು ಪ್ರತಿಗಳಿಗಿಂತ ಹೆಚ್ಚು ಹಾಕುವಂತಿಲ್ಲ. 'ಲೆಜೆಂಡರಿ' ದರ್ಜೆಯ ಕಾರ್ಡಾದರೆ ಒಂದೇ. ಇಬ್ಬರೂ ತನ್ನದೇ ಕೆಲವು ಕಾರ್ಡ್‌ಗಳುಳ್ಳ ಒಬ್ಬೊಬ್ಬ ನಾಯಕನನ್ನು ಆರಿಸುತ್ತಾರೆ; ಇಬ್ಬರ ನಾಯಕರಿಗೂ 30 ಅಂಕ ಆಯುಸ್ಸು. ಮೊದಲು ಸೊನ್ನೆಗೆ ಇಳಿದವರು ಸೋತಂತೆ. ಕಾರ್ಡ್ ಆಡಲು 'ಮಾನಾ' ಎಂಬ ಶಕ್ತಿ ಬೇಕು. ಮೊದಲ ಸರದಿಯಲ್ಲಿ 1 ಮಾನಾ, ಎರಡನೆಯದರಲ್ಲಿ 2, ಹೀಗೆ ಏರುತ್ತ 10ಕ್ಕೆ ನಿಲ್ಲುತ್ತದೆ. ಉಳಿಸಿದ ಮಾನಾ ಮುಂದಿನ ಸರದಿಗೆ ಸಿಗದು. ಮೊದಲು ಆಡುವವರಿಗೆ ಆರಂಭದಲ್ಲಿ 3 ಕಾರ್ಡ್, ಎರಡನೆಯವರಿಗೆ 4, ಜತೆಗೆ ಒಂದು ಸರದಿಗೆ 1 ಮಾನಾ ಹೆಚ್ಚಿಗೆ ಕೊಡುವ ನಾಣ್ಯ. ಆಮೇಲೆ ಪ್ರತಿ ಸರದಿಗೂ ಒಂದೊಂದು ಹೊಸ ಕಾರ್ಡ್ ಕೈಗೆ ಬರುತ್ತದೆ. ಕಾರ್ಡ್‌ಗಳಲ್ಲಿ ಕೆಲವು ಅಂಗಣಕ್ಕಿಳಿದು ಹೋರಾಡುವ ಮಿನಿಯನ್‌ಗಳು, ಕೆಲವು ಒಮ್ಮೆ ಪ್ರಯೋಗಿಸಿ ಮುಗಿಯುವ ಮಂತ್ರಗಳು.

ಹೀಗೆ ಎಷ್ಟು ಡೆಕ್ ಕಟ್ಟಬಹುದು? ನಮ್ಮ ಬಳಿ 500 ಬೇರೆ ಬೇರೆ ಕಾರ್ಡ್‌ಗಳಿವೆ, ಪ್ರತಿಯೊಂದರಿಂದ ಒಂದೊಂದೇ ಪ್ರತಿ ಹಾಕುತ್ತೇವೆ ಎಂದಿಟ್ಟುಕೊಂಡರೂ ಉತ್ತರ 1ರ ಮುಂದೆ 48 ಸೊನ್ನೆ ಬರೆದಷ್ಟಾಗುತ್ತದೆ. ಎಲ್ಲವನ್ನೂ ಆಡಿ ನೋಡಿ ಒಳ್ಳೆಯದನ್ನು ಆರಿಸುವ ಮಾತೇ ಇಲ್ಲ. ಆದರೂ ಸ್ಪರ್ಧೆಗಳಲ್ಲಿ ಯಾವುದೇ ತಿಂಗಳು ಕಾಣಸಿಗುವ ಗಟ್ಟಿ ಡೆಕ್ ಮಾದರಿಗಳು ಬೆರಳೆಣಿಕೆಯಷ್ಟು. ಅಷ್ಟು ದೊಡ್ಡ ಕಾಡಿನಲ್ಲಿ ದಾರಿಗಳು ಇಷ್ಟು ಕಡಿಮೆ ಇರುವುದು ಏಕೆ? ಕಾರ್ಡ್‌ಗಳ ಬಲಾಬಲ ಅದಕ್ಕೆ ಒಂದು ಕಾರಣ. ಅದಕ್ಕಿಂತ ಆಳದ ಕಾರಣ ಡೆಕ್ ಎಂದರೇನು ಎಂಬುದರಲ್ಲೇ ಇದೆ.

ಹೊಸಬರು ಡೆಕ್ ಕಟ್ಟುವಾಗ ತಮ್ಮ ಬಳಿಯಿರುವ ಅತ್ಯುತ್ತಮ 30 ಕಾರ್ಡ್‌ಗಳನ್ನು ಆರಿಸುತ್ತಾರೆ. ಆದರೆ ಮೊದಲು ಆಡುವವರು ಎಂಟನೆಯ ಸರದಿಯ ಹೊತ್ತಿಗೆ ಕಂಡಿರುವುದು 3 ಮತ್ತು 8, ಒಟ್ಟು 11 ಕಾರ್ಡ್ ಮಾತ್ರ. ಬಹಳಷ್ಟು ಆಟಗಳು ಅಷ್ಟರಲ್ಲಿ ತೀರ್ಮಾನವಾಗಿಬಿಡುತ್ತವೆ. ಉಳಿದ 19 ಕಾರ್ಡ್ ಡೆಕ್‌ನಲ್ಲೇ ಮಲಗಿರುತ್ತವೆ. ನೀವು ಆಡುವುದು 30 ಕಾರ್ಡ್‌ಗಳ ಡೆಕ್ಕನ್ನಲ್ಲ. ಅದರಿಂದ ಯಾದೃಚ್ಛಿಕವಾಗಿ ಬಂದ ಹನ್ನೊಂದನ್ನು. ಹಾಗಾಗಿ ಆಯ್ಕೆ ಮಾಡಬೇಕಾದ್ದು ಒಳ್ಳೆಯ ಮೂವತ್ತನ್ನಲ್ಲ. ಯಾವ ಹನ್ನೊಂದು ಬಂದರೂ ಒಂದಕ್ಕೊಂದು ಹೊಂದಿಕೊಂಡು ಸಾಗುವಂಥ ಮೂವತ್ತನ್ನು. ಸಂಖ್ಯಾಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಡೆಕ್ ಕಟ್ಟುವವರು ಒಂದು ಸಂಭವನೀಯತೆಯ ಹಂಚಿಕೆಯನ್ನು ರೂಪಿಸುತ್ತಾರೆ; ಅದರಿಂದ ಮಾದರಿ ತೆಗೆಯುವ ಕೆಲಸ ಅದೃಷ್ಟದ್ದು.

ಒಂದು ಉದಾಹರಣೆಯನ್ನು ನಿಧಾನವಾಗಿ ನೋಡೋಣ. ನಾಲ್ಕನೆಯ ಸರದಿಗೆ ಆಡಲೇಬೇಕಾದ ಒಂದು ಕಾರ್ಡಿದೆ, ಅದರ ಎರಡು ಪ್ರತಿ ಹಾಕಿದ್ದೀರಿ. ಅಷ್ಟರಲ್ಲಿ 7 ಕಾರ್ಡ್ ಕಂಡಿರುತ್ತೀರಿ. ಎರಡೂ ಪ್ರತಿಗಳು ಉಳಿದ 23ರಲ್ಲೇ ಅಡಗಿ ಕುಳಿತಿರುವ ಸಂಭವ 23/30 ಗುಣಿಸು 22/29, ಅಂದರೆ ಶೇ 58.2. ಕೈಗೆ ಬಂದಿರುವ ಸಂಭವ ಶೇ 41.8 ಮಾತ್ರ. ಒಂದೇ ಪ್ರತಿಯಾದರೆ ಶೇ 23.3. ನಾಲ್ಕು ಆಟದಲ್ಲಿ ಒಮ್ಮೆಯೂ ಸರಿಯಾಗಿ ಸಿಗದ ಕಾರ್ಡಿನ ಸುತ್ತ ಇಡೀ ಯೋಜನೆ ಕಟ್ಟುವವರು ಉಳಿದ ಮೂರು ಆಟಗಳಲ್ಲಿ ಏನು ಮಾಡುತ್ತಾರೆ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ಈ ಲೆಕ್ಕವನ್ನು ಸ್ವಲ್ಪ ಬಾಗಿಸಲು ಆಟ ಒಂದು ಅವಕಾಶ ಕೊಡುತ್ತದೆ. ಆರಂಭದ ಕಾರ್ಡ್‌ಗಳಲ್ಲಿ ಬೇಡವಾದವನ್ನು ಒಮ್ಮೆ ಹಿಂದಿರುಗಿಸಿ ಬೇರೆ ಪಡೆಯಬಹುದು; ಇದಕ್ಕೆ 'ಮಲಿಗನ್' ಎನ್ನುತ್ತಾರೆ. ಹಿಂದಿರುಗಿಸಿದ ಕಾರ್ಡ್ ಆ ಗಳಿಗೆಯಲ್ಲೇ ಮರಳಿ ಬರದು. ಆದ್ದರಿಂದ ಮೂರನ್ನೂ ಬಿಟ್ಟುಕೊಟ್ಟವರು ಆಟ ಶುರುವಾಗುವ ಮೊದಲೇ ಆರು ಕಾರ್ಡ್ ಇಣುಕಿ ನೋಡಿದಂತಾಯಿತು. ಮೇಲಿನ ಉದಾಹರಣೆಯಲ್ಲಿ ಆ ಕಾರ್ಡಿಗಾಗಿ ಕೈಯನ್ನು ಪೂರ್ತಿ ಬದಲಿಸುತ್ತ ಹೋದರೆ ಶೇ 41.8 ಇದ್ದದ್ದು ಶೇ 54.3ಕ್ಕೆ ಏರುತ್ತದೆ. ಹನ್ನೆರಡು ಶೇಕಡಾ ಅಂಶಕ್ಕೂ ಮಿಕ್ಕ ಲಾಭ! ಡೆಕ್‌ನ ಯಾವ ಕಾರ್ಡ್ ಬದಲಿಸಿದರೂ ಇಷ್ಟು ಸಿಗುವುದು ಕಷ್ಟ. ಆದರೂ ಹೆಚ್ಚಿನ ಆಟಗಾರರು ಈ ನಿರ್ಧಾರವನ್ನು ಎರಡು ಸೆಕೆಂಡಿನಲ್ಲಿ ಮುಗಿಸುತ್ತಾರೆ. ಮಲಿಗನ್ ಇಡೀ ಆಟದಲ್ಲೇ ಅತಿ ಬೆಲೆಯುಳ್ಳ ಕ್ಷಣ ಎಂದು ನಾನು ನಂಬುತ್ತೇನೆ.

ಈಗ ಮಾನಾದ ಕಡೆ ಬರೋಣ. ಮೊದಲ ಐದು ಸರದಿಗಳಲ್ಲಿ ಸಿಗುವ ಒಟ್ಟು ಮಾನಾ 1+2+3+4+5, ಅಂದರೆ 15. ಮೊದಲ ಎರಡು ಸರದಿ ಸುಮ್ಮನೆ ಕುಳಿತರೆ ಹೋಗುವುದು 3 ಮಾನಾ, ಐದನೆಯ ಒಂದು ಭಾಗ. ಮೂರು ಸರದಿ ಕುಳಿತರೆ ಐದರಲ್ಲಿ ಎರಡು ಭಾಗ. ಭಾರಿ ಬೆಲೆಯ, ಭವ್ಯ ಕಾರ್ಡ್‌ಗಳನ್ನೇ ತುಂಬಿಕೊಂಡ ಡೆಕ್ ಸೋಲುವುದು ಹೀಗೆ: ಕಾರ್ಡ್ ದುರ್ಬಲವಾಗಿ ಅಲ್ಲ, ಖರ್ಚಾಗದ ಮಾನಾದಿಂದ.

ಈ ಅರಿವು ಮೂಡಿದ್ದು ಮ್ಯಾಜಿಕ್ ಆಟದ ಎಳೆಯ ದಿನಗಳಲ್ಲಿ. 1996ರಲ್ಲಿ ಅಟ್ಲಾಂಟಾದ ಒಂದು ಅರ್ಹತಾ ಪಂದ್ಯಾವಳಿಗೆ ಪಾಲ್ ಸ್ಲೈ ಎಂಬ ಆಟಗಾರ, ಜೇ ಶ್ನೈಡರ್ ರೂಪಿಸಿದ ಒಂದು ಕೆಂಪು ಡೆಕ್ ಹಿಡಿದು ಹೋದರು. ಅದರಲ್ಲಿದ್ದದ್ದು ಬೇರೆಯವರು ಮೂಲೆಗೆ ಹಾಕಿದ್ದ ಅಗ್ಗದ ಕಾರ್ಡ್‌ಗಳು. ಆದರೆ ಪ್ರತಿ ಸರದಿಯ ಶಕ್ತಿಯೂ ಪೂರ್ತಿ ಬಳಕೆಯಾಗುವಂತೆ ಬೆಲೆಗಳನ್ನು ಮೆಟ್ಟಿಲುಮೆಟ್ಟಿಲಾಗಿ ಹೊಂದಿಸಲಾಗಿತ್ತು. ಅಲ್ಲಿಂದ ಮುಂದೆ 'ಮಾನಾ ಕರ್ವ್' ಎಂಬ ಮಾತು, ಅಂದರೆ ಯಾವ ಬೆಲೆಯ ಕಾರ್ಡ್ ಎಷ್ಟಿವೆ ಎಂಬ ನಕ್ಷೆ, ಡೆಕ್ ಕಟ್ಟುವವರ ಮೊದಲ ಪಾಠವಾಯಿತು. ಹಾರ್ತ್‌ಸ್ಟೋನ್‌ನಲ್ಲಿ ಡೆಕ್ ಕಟ್ಟುವ ಪರದೆಯಲ್ಲೇ ಈ ಸ್ತಂಭನಕ್ಷೆಯನ್ನು ನೋಡಬಹುದು.

ಅಗ್ಗದ ಕಾರ್ಡ್ ಎಷ್ಟಿರಬೇಕು? ಇಲ್ಲೂ ಅಂದಾಜು ಬೇಡ, ಎಣಿಸಬಹುದು. ಮೊದಲು ಆಡುವವರು ಎರಡನೆಯ ಸರದಿಗೆ 5 ಕಾರ್ಡ್ ಕಂಡಿರುತ್ತಾರೆ. ಆಗ ಆಡಬಲ್ಲ 2 ಮಾನಾದ ಕಾರ್ಡ್‌ಗಳು ಡೆಕ್‌ನಲ್ಲಿ ನಾಲ್ಕಿದ್ದರೆ, ಕನಿಷ್ಠ ಒಂದಾದರೂ ಕೈಯಲ್ಲಿರುವ ಸಂಭವ ಶೇ 54. ಆರಿದ್ದರೆ ಶೇ 70. ಎಂಟಿದ್ದರೆ ಶೇ 82. ಹತ್ತಿದ್ದರೆ ಶೇ 89. ಎರಡೆರಡು ಕಾರ್ಡ್ ಹೆಚ್ಚಿಸಿದಾಗ ಸಿಗುವ ಲಾಭ ಹೇಗೆ ಕರಗುತ್ತ ಹೋಗುತ್ತದೆ ಗಮನಿಸಿ: ಮೊದಲು 16 ಅಂಶ, ಆಮೇಲೆ 11, ಆಮೇಲೆ 8ಕ್ಕೂ ಕಡಿಮೆ. ಇನ್ನೊಂದು ಬದಿಯಲ್ಲಿ, ಹೆಚ್ಚಿಸಿದ ಪ್ರತಿ ಅಗ್ಗದ ಕಾರ್ಡೂ ಒಂಬತ್ತನೆಯ ಸರದಿಯಲ್ಲಿ ಕೈಗೆ ಬಂದರೆ ನಿರುಪಯೋಗಿಯಂತೆ ಕೂರುತ್ತದೆ. ಬೇಗ ದಾಳಿ ಮಾಡುವ 'ಆಗ್ರೋ' ಡೆಕ್‌ಗೆ ಒಂಬತ್ತನೆಯ ಸರದಿಯ ಚಿಂತೆ ಇಲ್ಲ, ಅದು ಹತ್ತಕ್ಕೂ ಹೋಗಬಲ್ಲದು. ತಾಳ್ಮೆಯಿಂದ ಎದುರಾಳಿಯನ್ನು ಸೋಲಿಸುವ 'ಕಂಟ್ರೋಲ್' ಡೆಕ್ ಆರಕ್ಕೇ ನಿಂತೀತು. ಯಾವ ಸಂಖ್ಯೆ ಸರಿ ಎಂಬುದು ನೀವು ಆಟವನ್ನು ಯಾವ ಸರದಿಯಲ್ಲಿ ಮುಗಿಸಬಯಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಕಾರ್ಡ್‌ಗಳ ಬೆಲೆಯನ್ನೇ ಅಳೆಯಬಹುದೇ? ಆಟದ ಮೂಲ ಸೆಟ್‌ನಲ್ಲಿ ವಿಶೇಷ ಗುಣವಿಲ್ಲದ ಸಾದಾ ಮಿನಿಯನ್‌ಗಳಿವೆ. ಅವಕ್ಕೆ ದಾಳಿ ಮತ್ತು ಆಯುಸ್ಸು ಎಂಬ ಎರಡೇ ಅಂಕೆ. 2 ಮಾನಾದ 'ರಿವರ್ ಕ್ರೊಕೊಲಿಸ್ಕ್' 2 ದಾಳಿ, 3 ಆಯುಸ್ಸು. 4 ಮಾನಾದ 'ಚಿಲ್‌ವಿಂಡ್ ಯೇಟಿ' 4 ಮತ್ತು 5. 6 ಮಾನಾದ 'ಬೌಲ್ಡರ್‌ಫಿಸ್ಟ್ ಓಗರ್' 6 ಮತ್ತು 7. ಎರಡು ಅಂಕೆ ಕೂಡಿಸಿದರೆ 5, 9, 13. ಮಾನಾದ ಎರಡು ಪಟ್ಟಿಗೆ ಒಂದು ಸೇರಿಸಿದರೆ ಬರುವ ಸಂಖ್ಯೆಗಳು ಇವು. ಆ ಹೆಚ್ಚಿನ ಒಂದು ಎಲ್ಲಿಂದ ಬಂತು? ಮಾನಾ ಎಷ್ಟೇ ಇರಲಿ, ಕಾರ್ಡ್ ಆಡಿದರೆ ಕೈಯಿಂದ ಒಂದು ಕಾರ್ಡ್ ಹೋಗುತ್ತದಲ್ಲ, ಅದಕ್ಕೆ ಸಿಗುವ ಪ್ರತಿಫಲ ಅದು. 4 ಮಾನಾದಲ್ಲಿ ಎರಡು ಕ್ರೊಕೊಲಿಸ್ಕ್ ಆಡಿದರೆ ಅಂಗಣದಲ್ಲಿ 10 ಅಂಕದ ಬಲ, ಒಂದು ಯೇಟಿ ಆಡಿದರೆ 9. ಆದರೆ ಮೊದಲನೆಯದಕ್ಕೆ ಎರಡು ಕಾರ್ಡ್ ಖರ್ಚಾಯಿತು. ಅಗ್ಗದ ಕಾರ್ಡ್‌ಗಳು ವೇಗ ಕೊಡುತ್ತವೆ, ಕೈಯನ್ನು ಬರಿದು ಮಾಡುತ್ತವೆ. ದುಬಾರಿ ಕಾರ್ಡ್‌ಗಳು ಕೈಯನ್ನು ಉಳಿಸುತ್ತವೆ, ಹೊತ್ತು ಕೇಳುತ್ತವೆ. ಆಟಗಾರರು 'ಟೆಂಪೋ' ಮತ್ತು 'ಕಾರ್ಡ್ ಅಡ್ವಾಂಟೇಜ್' ಎಂದು ಗಂಟೆಗಟ್ಟಲೆ ಚರ್ಚಿಸುವುದು ಈ ಎರಡರ ನಡುವಿನ ವಿನಿಮಯವನ್ನೇ.

ಕಂಪ್ಯೂಟರ್ ಸುರಕ್ಷತೆಯ ಸಂಶೋಧಕ ಎಲಿ ಬರ್ಸ್‌ಟೈನ್ 2014ರಲ್ಲಿ ಈ ಯೋಚನೆಯನ್ನು ಕ್ರಮಬದ್ಧವಾಗಿ ಮಾಡಿ ತೋರಿಸಿದರು. ಪ್ರತಿ ಕಾರ್ಡಿನ ಬೆಲೆಯನ್ನು ಅದರ ಗುಣಗಳ ಮೊತ್ತವೆಂದು ಭಾವಿಸಿ ಸಮೀಕರಣ ಬರೆದರು: ದಾಳಿಯ ಒಂದು ಅಂಕಕ್ಕೆ ಇಷ್ಟು, ಆಯುಸ್ಸಿಗೆ ಇಷ್ಟು, ಒಂದು ಹೊಸ ಕಾರ್ಡ್ ತರುವ ಗುಣಕ್ಕೆ ಇಷ್ಟು. ನೂರಾರು ಕಾರ್ಡ್‌ಗಳ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಿದರೆ ಪ್ರತಿ ಗುಣದ ನಿಜವಾದ ಬೆಲೆ ಹೊರಬೀಳುತ್ತದೆ, ಯಾವ ಕಾರ್ಡ್ ತನ್ನ ಯೋಗ್ಯತೆಗಿಂತ ಅಗ್ಗವಾಗಿ ಸಿಗುತ್ತಿದೆ ಎಂಬುದೂ ತಿಳಿಯುತ್ತದೆ. ಅರ್ಥಶಾಸ್ತ್ರಜ್ಞರು ಮನೆಯ ಬೆಲೆಯನ್ನು ಕೋಣೆ, ವಿಸ್ತೀರ್ಣ, ರಸ್ತೆ ಎಂದು ಬಿಡಿಸುವುದೂ ಇದೇ ವಿಧಾನದಿಂದ.

ಆದರೆ ಈ ವಿಧಾನಕ್ಕೆ ಹಿಡಿಯಲಾಗದ ಒಂದು ಸಂಗತಿಯಿದೆ: ಕಾರ್ಡಿನ ಬೆಲೆ ಅದರ ಜತೆಗಾರರನ್ನು ಅವಲಂಬಿಸಿದೆ. 2015ರ ನವೆಂಬರ್‌ನಲ್ಲಿ ಬಂದ 'ರೀನೋ ಜಾಕ್ಸನ್' ಇದಕ್ಕೆ ಸೊಗಸಾದ ಸಾಕ್ಷಿ. 6 ಮಾನಾ, 4 ದಾಳಿ, 6 ಆಯುಸ್ಸು. ಆಡುವ ಹೊತ್ತಿಗೆ ನಿಮ್ಮ ಡೆಕ್‌ನಲ್ಲಿ ಯಾವ ಕಾರ್ಡಿನ ಎರಡನೆಯ ಪ್ರತಿಯೂ ಇಲ್ಲದಿದ್ದರೆ ನಾಯಕನ ಆಯುಸ್ಸು ಮತ್ತೆ ಪೂರ್ತಿ ತುಂಬುತ್ತದೆ. ಎರಡೆರಡು ಪ್ರತಿ ಹಾಕುವುದೇ ಸ್ಥಿರತೆಯ ಮೂಲ ಎಂದು ಕಲಿತಿದ್ದವರಿಗೆ ಇದು ತಲೆಕೆಳಗಾದ ಬೇಡಿಕೆ. ಮೇಲಾಗಿ ರೀನೋ ಸ್ವತಃ ಲೆಜೆಂಡರಿ, ಒಂದೇ ಪ್ರತಿ. ಮಲಿಗನ್‌ನಲ್ಲಿ ಅದನ್ನೇ ಹುಡುಕಿದರೂ ಆರನೆಯ ಸರದಿಗೆ ಕೈಯಲ್ಲಿರುವ ಸಂಭವ ಶೇ 38ರ ಆಸುಪಾಸು. ಇದಕ್ಕಾಗಿ ಇಡೀ ಡೆಕ್ಕನ್ನು ಒಡೆಯುವುದೇ? ಒಡೆದರು, ಗೆದ್ದರು. ಗುಟ್ಟು ಇಷ್ಟೇ: ಒಂದೇ ಕಾರ್ಡಿನ ಎರಡು ಪ್ರತಿಗಳ ಜಾಗದಲ್ಲಿ ಒಂದೇ ಕೆಲಸ ಮಾಡುವ ಎರಡು ಬೇರೆ ಕಾರ್ಡ್ ಹಾಕಿದರು. ಹೆಸರು ಬೇರೆಯಾದರೂ ಕೆಲಸ ಒಂದೇ ಆದ್ದರಿಂದ ಸ್ಥಿರತೆ ಬಹುಪಾಲು ಉಳಿಯಿತು. ಅಂಥ ಜೋಡಿಗಳು ಯಾವ ನಾಯಕನ ಕಾರ್ಡ್‌ಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದವೋ ಅಲ್ಲಿ ರೀನೋ ಡೆಕ್ ಬೇರೂರಿತು.

2022ರಲ್ಲಿ 'ಪ್ರಿನ್ಸ್ ರೆನಥಾಲ್' ಇನ್ನೊಂದು ಬಗೆಯ ಕೊಡುಕೊಳ್ಳುವಿಕೆ ತಂದ: ಡೆಕ್ 40 ಕಾರ್ಡಿನದಾಗಬೇಕು, ಬದಲಿಗೆ ನಾಯಕನ ಆಯುಸ್ಸು 40. ಏಳು ಕಾರ್ಡ್‌ಗಳಲ್ಲಿ ಬೇಕಾದ ಜೋಡಿಯಲ್ಲೊಂದು ಸಿಗುವ ಸಂಭವ ಶೇ 41.8ರಿಂದ 32.3ಕ್ಕೆ ಕುಸಿಯುತ್ತದೆ. ಆದರೂ ಆ ಹೆಚ್ಚಿನ ಹತ್ತು ಅಂಕ ಎಷ್ಟು ಲಾಭದಾಯಕವಾಗಿತ್ತೆಂದರೆ ಮುಂದೆ ಕಂಪನಿ ಅದನ್ನು 35ಕ್ಕೆ ಇಳಿಸಬೇಕಾಯಿತು.

ಇಲ್ಲಿಯವರೆಗೆ ನಾವು ಡೆಕ್ಕನ್ನು ಅದರಷ್ಟಕ್ಕೇ ನೋಡಿದೆವು. ಸ್ಪರ್ಧೆಯಲ್ಲಿ ಒಳ್ಳೆಯ ಡೆಕ್ ಎಂಬುದು ಯಾರ ಎದುರು ಒಳ್ಳೆಯದು ಎಂದು ಕೇಳದೆ ಅರ್ಥವಾಗದು. ಆ ಕಾಲಕ್ಕೆ ಜನ ಯಾವ ಯಾವ ಡೆಕ್ ಆಡುತ್ತಿದ್ದಾರೆ ಎಂಬ ಒಟ್ಟು ಚಿತ್ರಕ್ಕೆ ಆಟಗಾರರು 'ಮೆಟಾ' ಎನ್ನುತ್ತಾರೆ. ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದಿಟ್ಟದ್ದು ಈ ಭಾಗ.

ಮೂರೇ ಡೆಕ್‌ಗಳ ಒಂದು ಪುಟ್ಟ ಮೆಟಾ ಕಲ್ಪಿಸಿಕೊಳ್ಳಿ. ವೇಗದ ದಾಳಿಯ ಆಗ್ರೋ, ತಾಳ್ಮೆಯ ಕಂಟ್ರೋಲ್, ನಿಗದಿತ ಕಾರ್ಡ್‌ಗಳು ಕೂಡಿದೊಡನೆ ಒಂದೇ ಏಟಿಗೆ ಆಟ ಮುಗಿಸುವ ಕಾಂಬೋ. ಕಾಂಬೋ ಸಿದ್ಧವಾಗುವ ಮೊದಲೇ ಆಗ್ರೋ ಹೊಡೆದು ಮುಗಿಸುತ್ತದೆ: ನೂರಕ್ಕೆ 60 ಗೆಲುವು ಎನ್ನೋಣ. ನಿಧಾನದ ಕಂಟ್ರೋಲ್ ಡೆಕ್ಕನ್ನು ಕಾಂಬೋ ಸುಲಭವಾಗಿ ಮಣಿಸುತ್ತದೆ: ನೂರಕ್ಕೆ 65. ಆಗ್ರೋ ದಾಳಿಯನ್ನು ಕಂಟ್ರೋಲ್ ತಡೆದು ನಿಲ್ಲಿಸುತ್ತದೆ: ನೂರಕ್ಕೆ 55. ಈ ಅಂಕೆಗಳು ಲೆಕ್ಕಕ್ಕಾಗಿ ನಾನು ಆರಿಸಿದವು. ಇವುಗಳಲ್ಲಿ ಅತಿ ದೊಡ್ಡ ಗೆಲುವು ಕಾಂಬೋದ್ದು. ಹಾಗಾದರೆ ಎಲ್ಲರೂ ಅದನ್ನೇ ಆಡುತ್ತಾರೆಯೇ?

ಇಬ್ಬರು ಆಡುವ, ಒಬ್ಬರ ಗೆಲುವು ಇನ್ನೊಬ್ಬರ ಸೋಲಾಗುವ ಆಟಗಳಲ್ಲಿ ಒಂದು ಸಮತೋಲ ಇದ್ದೇ ಇರುತ್ತದೆಂದು ಜಾನ್ ವಾನ್ ನ್ಯೂಮನ್ 1928ರಲ್ಲಿ ಸಾಧಿಸಿ ತೋರಿಸಿದರು. ನಮ್ಮ ಮೂರು ಡೆಕ್‌ಗಳಿಗೆ ಆ ಸಮತೋಲ ಹುಡುಕಿದರೆ ಬರುವ ಪಾಲು ಇದು: ಆಗ್ರೋ ಅರ್ಧ, ಕಂಟ್ರೋಲ್ ಮೂರನೆಯ ಒಂದು, ಕಾಂಬೋ ಆರನೆಯ ಒಂದು ಮಾತ್ರ. ತಾಳೆ ನೋಡಿ. ಈ ಮಿಶ್ರಣದ ಎದುರು ಕಾಂಬೋ ಆಡಿದರೆ ಅರ್ಧ ಆಟಗಳಲ್ಲಿ 10 ಅಂಶ ಹಿಂದೆ, ಮೂರನೆಯ ಒಂದರಲ್ಲಿ 15 ಅಂಶ ಮುಂದೆ. ಕಳೆದುಕೊಂಡದ್ದೂ ಗಳಿಸಿದ್ದೂ ಐದೈದು. ಒಟ್ಟು ಸರಿಸಮ. ಆಗ್ರೋ, ಕಂಟ್ರೋಲ್ ಎರಡಕ್ಕೂ ಹೀಗೆಯೇ ಐವತ್ತಕ್ಕೆ ಐವತ್ತು. ಯಾರಿಗೂ ಡೆಕ್ ಬದಲಿಸುವ ಆಸೆ ಹುಟ್ಟದ ಸ್ಥಿತಿ ಇದು.

ಇದರ ಒಳಗಿನ ಸೂತ್ರ ನೋಡಿದಾಗ ಬೆರಗಾಗುತ್ತದೆ. ಆಗ್ರೋದ ಪಾಲನ್ನು ನಿರ್ಧರಿಸುವ ಸಂಖ್ಯೆ 15, ಅಂದರೆ ಕಾಂಬೋ ಮತ್ತು ಕಂಟ್ರೋಲ್ ನಡುವಣ ಅಂತರ. ಆ ಪಂದ್ಯದಲ್ಲಿ ಆಗ್ರೋ ಇಲ್ಲವೇ ಇಲ್ಲ. ಕಂಟ್ರೋಲ್‌ನ ಪಾಲು ಬರುವುದು ಆಗ್ರೋ ಮತ್ತು ಕಾಂಬೋ ನಡುವಣ 10ರಿಂದ. ಕಾಂಬೋದ ಪಾಲು ಕಂಟ್ರೋಲ್ ಮತ್ತು ಆಗ್ರೋ ನಡುವಣ 5ರಿಂದ. ಹದಿನೈದು, ಹತ್ತು, ಐದು. ಅದೇ ಅರ್ಧ, ಮೂರನೆಯ ಒಂದು, ಆರನೆಯ ಒಂದು. ಒಂದು ಡೆಕ್ ಎಷ್ಟು ಜನಪ್ರಿಯವಾಗಬೇಕು ಎಂಬುದನ್ನು ತೀರ್ಮಾನಿಸುವುದು ಆ ಡೆಕ್ ಆಡದ ಪಂದ್ಯ! ಕಾಂಬೋ ಇನ್ನಷ್ಟು ಬಲಗೊಂಡು ಕಂಟ್ರೋಲ್ ಡೆಕ್ಕನ್ನು ನೂರಕ್ಕೆ 75 ಸಲ ಸೋಲಿಸತೊಡಗಿದರೆ ಸಮತೋಲದಲ್ಲಿ ಹೆಚ್ಚುವುದು ಆಗ್ರೋದ ಪಾಲು, ಕಾಂಬೋದ್ದು ಇನ್ನೂ ತಗ್ಗುತ್ತದೆ. ಕಂಪನಿ ಯಾವುದೋ ಒಂದು ಕಾರ್ಡ್ ದುರ್ಬಲಗೊಳಿಸಿದಾಗ ಸಂಬಂಧವೇ ಇಲ್ಲದ ಮೂರನೆಯ ಡೆಕ್ ಏಕೆ ಏಳುತ್ತದೆ, ಬೀಳುತ್ತದೆ ಎಂದು ಆಟಗಾರರು ತಲೆ ಕೆರೆದುಕೊಳ್ಳುವುದುಂಟು. ಉತ್ತರ ಈ ಪುಟ್ಟ ತ್ರಿಕೋನದಲ್ಲಿದೆ.

ನಿಸರ್ಗದಲ್ಲೂ ಈ ತ್ರಿಕೋನವಿದೆ. ಕ್ಯಾಲಿಫೋರ್ನಿಯಾದ ಒಂದು ಜಾತಿಯ ಪುಟ್ಟ ಹಲ್ಲಿಗಳ ಬಗ್ಗೆ ಬ್ಯಾರಿ ಸಿನರ್ವೊ ಮತ್ತು ಕರ್ಟಿಸ್ ಲೈವ್ಲಿ 1996ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕಿತ್ತಳೆ ಕೊರಳಿನ ಗಂಡುಗಳು ಜಗಳಗಂಟಿಗಳು, ವಿಶಾಲ ಪ್ರದೇಶ ಹಿಡಿದು ನೀಲಿ ಕೊರಳಿನವನ್ನು ಓಡಿಸುತ್ತವೆ. ಆ ವಿಶಾಲ ಪ್ರದೇಶವನ್ನು ಕಾಯಲಾಗದ್ದರಿಂದ, ಹೆಣ್ಣಿನ ವೇಷದಂತಿರುವ ಹಳದಿ ಕೊರಳಿನ ಗಂಡುಗಳು ಅಲ್ಲಿ ನುಸುಳುತ್ತವೆ. ಹಳದಿಗಳ ಈ ಆಟ ಸಂಗಾತಿಯನ್ನು ಬಿಗಿಯಾಗಿ ಕಾಯುವ ನೀಲಿಗಳ ಬಳಿ ನಡೆಯದು. ಯಾವ ಬಣ್ಣ ಹೆಚ್ಚಾಯಿತೋ ಅದನ್ನು ಮಣಿಸುವ ಬಣ್ಣ ಮುಂದಿನ ವರ್ಷಗಳಲ್ಲಿ ಏರುತ್ತ, ಮೂರೂ ಒಂದರ ಹಿಂದೊಂದು ಸುತ್ತುತ್ತವೆ. ಮೆಟಾ ಕೂಡ ಸಮತೋಲದಲ್ಲಿ ತಣ್ಣಗೆ ನಿಲ್ಲುವುದು ಅಪರೂಪ. ಅದು ಸಮತೋಲದ ಸುತ್ತ ತಿರುಗುತ್ತಿರುತ್ತದೆ. ಹಲ್ಲಿಗಳಿಗೆ ತಲೆಮಾರು ಬೇಕು, ಆಟಗಾರರಿಗೆ ಒಂದು ವಾರಾಂತ್ಯ ಸಾಕು. ಸ್ಪರ್ಧೆಗೆ ಹೋಗುವವರು ಈಗ ಯಾವುದು ಹೆಚ್ಚಿದೆ ಎಂದು ನೋಡಿದರೆ ಸಾಲದು, ಅದು ಯಾವ ಕಡೆಗೆ ತಿರುಗುತ್ತಿದೆ ಎಂದು ನೋಡಬೇಕು.

ಡೆಕ್ ಆಯಿತು, ಆಟ ಶುರುವಾಯಿತು. ಆಟದೊಳಗೆ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಮೈಕ್ ಫ್ಲೋರ್ಸ್ 1999ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಎತ್ತಿದರು: ಈ ಪಂದ್ಯದಲ್ಲಿ ದಾಳಿ ಮಾಡಬೇಕಾದವರು ಯಾರು, ತಡೆಯಬೇಕಾದವರು ಯಾರು? ಎರಡೂ ಕಡೆ ಒಂದೇ ರೀತಿಯ ಡೆಕ್ ಇದ್ದರೂ ಒಬ್ಬರು ಕೊಂಚವಾದರೂ ಹೆಚ್ಚು ವೇಗಿಗಳು. ಆಟ ಉದ್ದವಾದರೆ ಯಾರಿಗೆ ನಷ್ಟವೋ ಅವರೇ ದಾಳಿ ಮಾಡಬೇಕು. ಈ ಪಾತ್ರವನ್ನು ತಪ್ಪಾಗಿ ತಿಳಿದವರು, ಪ್ರತಿ ನಡೆಯನ್ನೂ ಜಾಣತನದಿಂದ ಆಡುತ್ತಲೇ ಸೋಲುತ್ತಾರೆ.

ಇನ್ನು ಕಾಣದ ಕಾರ್ಡ್‌ಗಳ ಲೆಕ್ಕ. 'ಮೇಜ್' (ಮಾಂತ್ರಿಕೆ) ಎಂಬ ನಾಯಕಿಗೆ 'ಫ್ಲೇಮ್‌ಸ್ಟ್ರೈಕ್' ಎಂಬ 7 ಮಾನಾದ ಮಂತ್ರವಿದೆ; ಮೊದಲ ವರ್ಷಗಳಲ್ಲಿ ಅದು ಎದುರಾಳಿಯ ಎಲ್ಲ ಮಿನಿಯನ್‌ಗಳಿಗೂ 4 ಅಂಕ ಪೆಟ್ಟು ಕೊಡುತ್ತಿತ್ತು. ಅವರ ಏಳನೆಯ ಸರದಿ ಬರಲಿದೆ. ನಿಮ್ಮ ಅಂಗಣದಲ್ಲಿ ಎರಡು ಮಿನಿಯನ್‌ಗಳಿವೆ, ಮೂರನೆಯದನ್ನು ಇಳಿಸಬೇಕೋ ಬೇಡವೋ? ಎದುರಾಳಿ ಎರಡನೆಯದಾಗಿ ಆಡುತ್ತಿದ್ದಾರೆ, 11 ಕಾರ್ಡ್ ಪಡೆದಿರುತ್ತಾರೆ, 6 ಆಡಿದ್ದಾರೆ, ಕೈಯಲ್ಲಿ 5, ಡೆಕ್‌ನಲ್ಲಿ 19. ನಿಮಗೆ ಕಾಣದ 24 ಕಾರ್ಡ್‌ಗಳಲ್ಲಿ ಎರಡು ಫ್ಲೇಮ್‌ಸ್ಟ್ರೈಕ್ ಇವೆ ಎಂದು ಭಾವಿಸಿದರೆ, ಕನಿಷ್ಠ ಒಂದು ಕೈಯಲ್ಲಿರುವ ಸಂಭವ ಶೇ 38. ಆ ಐದರಲ್ಲಿ ಒಂದನ್ನು ಮಲಿಗನ್ ಹೊತ್ತಿನಿಂದಲೂ ಇಟ್ಟುಕೊಂಡಿದ್ದಾರೆಂದು ನೀವು ಗಮನಿಸಿದ್ದರೆ ಅದು ಫ್ಲೇಮ್‌ಸ್ಟ್ರೈಕ್ ಇರಲಾರದು; 7 ಮಾನಾದ ಕಾರ್ಡನ್ನು ಯಾರೂ ಆರಂಭದಲ್ಲಿ ಇಟ್ಟುಕೊಳ್ಳರು. ಅದನ್ನು ಬಿಟ್ಟು ಎಣಿಸಿದರೆ ಶೇ 32. ಗಮನ ಕೊಟ್ಟವರಿಗೆ ಸಿಕ್ಕ ಮಾಹಿತಿ ಸಂಭವನೀಯತೆಯನ್ನೇ ಬದಲಿಸಿತು. ಹದಿನೆಂಟನೆಯ ಶತಮಾನದ ಥಾಮಸ್ ಬೇಯ್ಸ್ ಹೆಸರಿನ ನಿಯಮ ಹೇಳುವುದೂ ಇದನ್ನೇ.

ಸಂಭವ ತಿಳಿದರೆ ಅರ್ಧ ಕೆಲಸವಾಯಿತು. ಮೂರನೆಯದನ್ನು ಇಳಿಸಿದಾಗ ಅವರ ಬಳಿ ಮಂತ್ರ ಇಲ್ಲದಿದ್ದರೆ ನಿಮ್ಮ ಗೆಲುವಿನ ಸಂಭವ 80, ಇದ್ದರೆ 25. ಹಿಡಿದಿಟ್ಟರೆ ಕ್ರಮವಾಗಿ 65 ಮತ್ತು 45 ಎಂದುಕೊಳ್ಳೋಣ. ಇಳಿಸುವುದರ ಲಾಭ 15, ನಷ್ಟ 20. ಎರಡೂ ಸರಿದೂಗುವುದು ಮಂತ್ರದ ಸಂಭವ 35ಕ್ಕೆ 15, ಅಂದರೆ ಸುಮಾರು ಶೇ 43 ಆದಾಗ. ಈಗ ಅದು ಶೇ 38, ಆದ್ದರಿಂದ ಇಳಿಸಿ. ಅವರು ಯಾವುದೋ ಮಂತ್ರದಿಂದ ಒಂದೇ ಒಂದು ಹೆಚ್ಚಿನ ಕಾರ್ಡ್ ಎಳೆದಿದ್ದು, ಕೈಯಲ್ಲಿ 6, ಡೆಕ್‌ನಲ್ಲಿ 18 ಇದ್ದಿದ್ದರೆ? ಸಂಭವ ಶೇ 44.6. ಈಗ ಹಿಡಿದಿಡಿ. ನುರಿತ ಆಟಗಾರರು ಪ್ರತಿ ಸಲ ಇಷ್ಟು ಗುಣಿಸುವುದಿಲ್ಲ. ಆದರೆ ಎದುರಾಳಿಯ ಕೈಯಲ್ಲಿ ಒಂದು ಕಾರ್ಡ್ ಹೆಚ್ಚಾದದ್ದು ನುರಿತವರ ಕೈಯನ್ನು ಹಿಂದೆಳೆಯುವುದು ಈ ಲೆಕ್ಕದಿಂದಲೇ. ಅನುಭವ ಅದನ್ನು ಅವರೊಳಗೆ ಇಳಿಸಿರುತ್ತದೆ.

ಯಂತ್ರಕ್ಕೆ ಇದು ಎಷ್ಟು ಸಾಧ್ಯ? ಬರ್ಸ್‌ಟೈನ್ 2016ರ ಪ್ರಬಂಧದಲ್ಲಿ, ಯಾವ ಕಾರ್ಡಿನ ಜತೆ ಯಾವುದು ಬರುತ್ತದೆ ಎಂಬುದನ್ನು ಹಳೆಯ ಆಟಗಳಿಂದ ಕಲಿತು ಎದುರಾಳಿಯ ಮುಂದಿನ ಕಾರ್ಡ್‌ಗಳನ್ನು ಊಹಿಸುವ ವಿಧಾನ ಮಂಡಿಸಿದರು. ಮೂರರಿಂದ ಐದನೆಯ ಸರದಿಯ ನಡುವೆ ಅದರ ಅತ್ಯುತ್ತಮ ಊಹೆ ಶೇ 95ಕ್ಕೂ ಹೆಚ್ಚು ಸಲ ನಿಜವಾಯಿತು. 48 ಸೊನ್ನೆಗಳ ಸಾಧ್ಯತೆಯಿದ್ದರೂ ಎರಡು ಮೂರು ಕಾರ್ಡ್ ಕಂಡೊಡನೆ ಉಳಿದದ್ದು ಬಯಲಾಗುತ್ತದೆ. ಕಾರ್ಡ್‌ಗಳು ಒಂದಕ್ಕೊಂದು ಹೊಂದಬೇಕೆಂಬ ಒತ್ತಾಯವೇ ದಾರಿಗಳನ್ನು ಅಷ್ಟು ಕಿರಿದಾಗಿಸಿದೆ. ಎಲ್ಲರೂ ಆಡುವ ಡೆಕ್‌ನಲ್ಲಿ ಯಾರೂ ನಿರೀಕ್ಷಿಸದ ಒಂದೆರಡು ಕಾರ್ಡ್ ಸೇರಿಸುವ ಪರಿಣತರ ಅಭ್ಯಾಸಕ್ಕೂ ಇದೇ ಕಾರಣ. ಆ ಕಾರ್ಡ್ ಸರಾಸರಿಯಲ್ಲಿ ಕೊಂಚ ದುರ್ಬಲವಿರಬಹುದು, ಆದರೆ ಎದುರಾಳಿಯ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ.

ಇಷ್ಟೆಲ್ಲ ಲೆಕ್ಕವಿದ್ದರೂ ಕೊನೆಗೆ ಅದೃಷ್ಟವೇ ಅಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಸುಪ್ರೀಂ ಕೋರ್ಟ್ 1968ರಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. 2022ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ರಾಜ್ಯದ ಆನ್‌ಲೈನ್ ಆಟಗಳ ನಿಷೇಧದ ಮುಖ್ಯ ಕಲಮುಗಳನ್ನು ರದ್ದು ಮಾಡಿದಾಗಲೂ ಚರ್ಚೆಯ ನಡುವಿದ್ದದ್ದು ಕೌಶಲ ಮತ್ತು ಅದೃಷ್ಟದ ಭೇದವೇ. ಸಂಖ್ಯಾಶಾಸ್ತ್ರ ಇದನ್ನು ಹೌದು ಅಲ್ಲ ಎಂದು ಕೇಳುವುದಿಲ್ಲ, ಎಷ್ಟು ಆಟಗಳಲ್ಲಿ ಎಂದು ಕೇಳುತ್ತದೆ. ಒಂದು ಆಟದಲ್ಲಿ ಶೇ 55 ಗೆಲ್ಲುವವರು ಐದು ಆಟಗಳ ಪಂದ್ಯದಲ್ಲಿ ಗೆಲ್ಲುವ ಸಂಭವ ಶೇ 59ಕ್ಕಷ್ಟೇ ಏರುತ್ತದೆ. ಒಂದು ಪಂದ್ಯ ಏನನ್ನೂ ಸಾಬೀತು ಮಾಡದು. ಪಂದ್ಯದ ಮೇಲೆ ಪಂದ್ಯ ನಡೆದಾಗ ಮಾತ್ರ ಕೌಶಲ ಮೇಲೆ ತೇಲುತ್ತದೆ. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗಳು ಪ್ರದರ್ಶನ ಸ್ಪರ್ಧೆಯಾಗಿದ್ದಾಗ ಭುಜ್‌ನ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್‌ನಲ್ಲಿ ಭಾರತಕ್ಕೆ ಕಂಚು ತಂದರು. ಅಂಥ ಸಾಧನೆಯ ಹಿಂದೆ ಮೇಲೆ ಹೇಳಿದ ಸಣ್ಣ ಸಣ್ಣ ಶೇಕಡಾಗಳ ರಾಶಿಯೇ ಇರುತ್ತದೆ.

ತಮ್ಮ ಡೆಕ್ಕನ್ನು ತಿದ್ದಬಯಸುವವರಿಗೆ ಇದೇ ಸಂಖ್ಯೆಗಳು ಒಂದು ಕಠಿಣ ಸತ್ಯ ಹೇಳುತ್ತವೆ. ನೂರು ಆಟ ಆಡಿ 55 ಗೆದ್ದರೆ, ಅದೃಷ್ಟದ ಏರಿಳಿತವೇ ಎರಡೂ ಕಡೆ ಹತ್ತು ಆಟಗಳಷ್ಟು ಇರಬಹುದು. ನಿಜವಾದ ಬಲ 45 ಇದ್ದೀತು, 65 ಇದ್ದೀತು. ಒಂದು ಕಾರ್ಡ್ ಬದಲಿಸಿದ್ದರಿಂದ ಗೆಲುವು ಎರಡು ಅಂಶ ಹೆಚ್ಚಿತೇ ಎಂದು ತಿಳಿಯಲು ಎರಡೂ ಬಗೆಯಲ್ಲಿ ಸಾವಿರಾರು ಆಟ ಬೇಕು. ಅಷ್ಟರಲ್ಲಿ ಮೆಟಾ ಬದಲಾಗಿರುತ್ತದೆ. ಸಾವಿರಾರು ಜನರ ಆಟಗಳನ್ನು ಒಟ್ಟುಗೂಡಿಸುವ ಎಚ್‌ಎಸ್‌ರಿಪ್ಲೇಯಂಥ ಸಂಗ್ರಹಗಳು ನೆರವಿಗೆ ಬರುತ್ತವೆ, ಆದರೆ ಅಲ್ಲಿನ ಅಂಕೆಗಳನ್ನು ಓದಲೂ ಕಲಿಯಬೇಕು. ಒಂದು ಕಾರ್ಡ್ ಆಡಿದ ಆಟಗಳಲ್ಲಿ ಗೆಲುವಿನ ಪ್ರಮಾಣ ಹೆಚ್ಚಿದೆ ಎಂದರೆ ಆ ಕಾರ್ಡ್ ಒಳ್ಳೆಯದೇ? ಆಟ ಮುಗಿಸುವ ಕಾರ್ಡನ್ನು ಜನ ಆಡುವುದೇ ಗೆಲ್ಲುವ ಹೊಸ್ತಿಲಲ್ಲಿ. ಅದರ ಅಂಕೆ ತಾನಾಗಿ ಉಬ್ಬಿರುತ್ತದೆ. ಆಗ್ರೋ ಡೆಕ್‌ನ 5 ಮಾನಾದ ಕಾರ್ಡಿಗೆ ಇದರ ವಿರುದ್ಧದ ಅನ್ಯಾಯ: ಬೇಗ ಗೆದ್ದ ಆಟಗಳಲ್ಲಿ ಹೆಚ್ಚು ಕಾರ್ಡ್ ಎಳೆಯುವ ಪ್ರಸಂಗವೇ ಬರದ್ದರಿಂದ ಅದು ಕೈಗೆ ಬರುವುದು ಹೆಚ್ಚಾಗಿ ಎಳೆದಾಡಿದ, ಸೋಲುತ್ತಿರುವ ಆಟಗಳಲ್ಲಿ. ಅದರ ಅಂಕೆ ಕುಗ್ಗಿ ಕಾಣುತ್ತದೆ, ತಪ್ಪು ಅದರದ್ದಲ್ಲ. ಒಂದಿಷ್ಟು ನ್ಯಾಯವಾದ ಹೋಲಿಕೆ ಬೇಕೆಂದರೆ ಆರಂಭದ ಕೈಯಲ್ಲಿ ಆ ಕಾರ್ಡ್ ಇದ್ದ ಆಟಗಳನ್ನು ನೋಡಬೇಕು. ಆಟ ಹೇಗೆ ಸಾಗಿತು ಎಂಬುದರ ನೆರಳು ಆ ಹೊತ್ತಿಗೆ ಇನ್ನೂ ಬಿದ್ದಿರುವುದಿಲ್ಲ, ಎರಡು ಕಾರ್ಡ್‌ಗಳು ಒಂದೇ ಗೆರೆಯಿಂದ ಓಟ ಶುರುಮಾಡಿರುತ್ತವೆ.